ನಾಲ್ಕು ಪರಮಾಣುಗಳ ಬೆನ್ನು ಹತ್ತಿ

ಪಿ.ಯು.ಸಿ. ಫಲಿತಾಂಶ ಬಂದು, ಸಿ.ಇ.ಟಿ. ರ‍್ಯಾಂಕ್ ಪಟ್ಟಿಯೂ ಹೊರಬಿದ್ದ ಮೇಲಿನ ಎರಡು ಮೂರು ವಾರ ನಮ್ಮ ಅಟ್ಟೂರಿನ ಬೀದಿಗಳಲ್ಲಿ ಓಡಾಡುವುದು ವಿಜ್ಞಾನದ ಮೇಷ್ಟರಿಗೆ ಸ್ವಲ್ಪ ಕಷ್ಟದ ಕೆಲಸ. ಹಾಲಿನ ಬೂತಿನ ಮುಂದೆ, ಬೇಕರಿಯ ಮುಂದೆ, ಕೊನೆಗೆ ಕ್ಷೌರದಂಗಡಿಯಲ್ಲೂ ಯಾರಾದರೊಬ್ಬರು ಹಿಡಿದು ನಿಲ್ಲಿಸುತ್ತಾರೆ. ಈ ಸಲ ಸಿಕ್ಕವರು ಪರಿಚಿತರೇ. ಅವರ ಮಗಳಿಗೆ ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ಬಂದಿದೆ, ಎಂಜಿನಿಯರಿಂಗ್ ಸೀಟೂ ಸಿಗುವ ಹಾಗಿದೆ. ಆದರೆ ಹುಡುಗಿ ಬಿ.ಎಸ್ಸಿ.ಗೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ.

"ನೀವೇ ಒಂದು ಮಾತು ಹೇಳಿ ಮೇಷ್ಟ್ರೇ. ಬಿ.ಎಸ್ಸಿ. ಮಾಡ್ಕೊಂಡು ಏನ್ಮಾಡ್ತಾಳೆ? ಹೆಚ್ಚಂದ್ರೆ ಬಿ.ಎಡ್. ಮಾಡಿ..." ಎಂದವರು, ಎದುರಿಗೆ ನಿಂತಿರುವವನು ಯಾರೆಂಬುದು ನೆನಪಾಗಿ ಮಾತನ್ನು ನುಂಗಿಕೊಂಡರು. ನಾನು ಬಿ.ಎಸ್ಸಿ., ಬಿ.ಎಡ್. ನನಗೆ ನಗು ಬಂತು. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. "ಭಾನುವಾರ ಸಂಜೆ ಮಗಳನ್ನೂ ಕರೆದುಕೊಂಡು ಮನೆಗೆ ಬನ್ನಿ" ಎಂದೆ. ಅಂದು ಅವರಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತಿದ್ದೇನೆ.

ಹುಡುಗಿಗೆ ಇಷ್ಟವಾದದ್ದು ಸಾವಯವ ರಸಾಯನಶಾಸ್ತ್ರ. ಅದರಲ್ಲೂ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಸಂಶ್ಲೇಷಣೆಯ ಭಾಗ. 1828ರಲ್ಲಿ ಜರ್ಮನಿಯ ವೋಲರ್ ಪ್ರಾಣಿಗಳ ಮೂತ್ರದಲ್ಲಿ ಸಿಗುವ ಯೂರಿಯಾವನ್ನು ಯಾವ ಮೂತ್ರಪಿಂಡದ ಹಂಗೂ ಇಲ್ಲದೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ಕಥೆಯನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅಲ್ಲಿಂದ ಬೆಳೆದುಬಂದ ವಿದ್ಯೆ ಇದು. ಹೊರಗಿನಿಂದ ನೋಡಿದರೆ ಅಡುಗೆಮನೆಯ ಕೆಲಸದಂತೆಯೇ ಕಾಣುತ್ತದೆ: ಬೆರೆಸು, ಕಾಯಿಸು, ತಣಿಸು, ಸೋಸು. ವ್ಯತ್ಯಾಸವೆಂದರೆ ಅಡುಗೆ ಕೆಟ್ಟರೆ ಬಾಯಿಗೆ ಗೊತ್ತಾಗುತ್ತದೆ. ಇಲ್ಲಿ ಫ್ಲಾಸ್ಕಿನಲ್ಲಿ ಏನಾಗಿದೆಯೆಂದು ತಿಳಿಯುವುದೇ ಅರ್ಧ ಕೆಲಸ. ರಾತ್ರಿ ಹಚ್ಚಿಟ್ಟು ಹೋದ ಕ್ರಿಯೆ ಬೆಳಗ್ಗೆ ಬಂದು ನೋಡಿದರೆ ಕಪ್ಪು ಡಾಂಬರಾಗಿ ಕುಳಿತಿರುವುದು ಈ ಕಸುಬಿನವರಿಗೆ ನಿತ್ಯದ ಅನುಭವ.

ಒಂದು ಲೆಕ್ಕ ಮಾಡಿ ನೋಡಿ. ಒಂದು ಔಷಧದ ಅಣುವನ್ನು ಕಟ್ಟಲು ಹತ್ತು ಹಂತಗಳು ಬೇಕು, ಪ್ರತಿ ಹಂತದಲ್ಲೂ ಶೇ. 80ರಷ್ಟು ಇಳುವರಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಶೇ. 80 ಎಂದರೆ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್. ಆದರೆ 0.8ನ್ನು ಹತ್ತು ಸಲ ಗುಣಿಸಿದರೆ ಬರುವುದು 0.107. ನೂರು ಅಣುಗಳಿಂದ ಹೊರಟವರ ಕೈಯಲ್ಲಿ ಕೊನೆಗೆ ಉಳಿಯುವುದು ಹೆಚ್ಚು ಕಡಿಮೆ ಹನ್ನೊಂದು. ಹಂತಗಳು ಇಪ್ಪತ್ತಾದರೆ ಉಳಿಯುವುದು ಒಂದೇ ಒಂದು! ಆದ್ದರಿಂದಲೇ ಹಂತಗಳನ್ನು ಕಡಿಮೆ ಮಾಡುವ, ಇಳುವರಿ ಹೆಚ್ಚಿಸುವ ಒಂದು ಹೊಸ ವಿಧಾನ ಸಿಕ್ಕರೆ ಅದಕ್ಕೆ ಅಷ್ಟು ಬೆಲೆ.

ಈ ಕಸುಬಿನವರಲ್ಲಿ ಎರಡು ಬಗೆ. ಮೊದಲ ಬಗೆಯವರು ದೊಡ್ಡ ದೊಡ್ಡ ಮಹಲುಗಳನ್ನು ಕಟ್ಟುವವರು. ವುಡ್‌ವರ್ಡ್ ಮತ್ತು ಎಷೆನ್‌ಮೋಸರ್ ಅವರ ತಂಡಗಳು ಬಿ-12 ಜೀವಸತ್ವವನ್ನು ಕಟ್ಟಿ ಮುಗಿಸಿದ್ದು 1972ರಲ್ಲಿ. ಅದಕ್ಕೆ ಸುಮಾರು ನೂರು ಮಂದಿ ಸಂಶೋಧಕರ ಹತ್ತು ವರ್ಷಗಳಿಗೂ ಮೀರಿದ ದುಡಿಮೆ ಬೇಕಾಯಿತು. ಇನ್ನೊಂದು ಬಗೆಯವರು ಮಹಲು ಕಟ್ಟುವುದಿಲ್ಲ, ಕಟ್ಟುವವರಿಗೆ ಬೇಕಾದ ಉಳಿ, ಸುತ್ತಿಗೆ, ಕರಣೆಗಳನ್ನು ಮಾಡಿಕೊಡುತ್ತಾರೆ. ರಸಾಯನಶಾಸ್ತ್ರದಲ್ಲಿ ಆ ಉಳಿ ಸುತ್ತಿಗೆಗೆ ರಿಯೇಜೆಂಟ್ ಎಂದು ಹೆಸರು. ಎರಡನೆಯ ಬಗೆಯವರ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ನಾನು ಹೇಳಹೊರಟಿರುವುದು ಅಂಥವರೊಬ್ಬರ ವಿಷಯ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು.

ಜಿ.ಕೆ. ಸೂರ್ಯಪ್ರಕಾಶ್ ಹುಟ್ಟಿದ್ದು 1953ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಿಂದ 1972ರಲ್ಲಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಆನರ್ಸ್, 1974ರಲ್ಲಿ ಮದರಾಸಿನ ಐ.ಐ.ಟಿ.ಯಿಂದ ಎಂ.ಎಸ್ಸಿ. ("ಕೇಳಿಸ್ಕೊಂಡ್ರಾ, ಅವರೂ ಬಿ.ಎಸ್ಸಿ.ಯೇ" ಎಂದು ನಾನು ಹೇಳಿದಾಗ ತಂದೆ ತಲೆಯಾಡಿಸಿದರು, ಒಪ್ಪಿದರೆಂದೇನೂ ಅಲ್ಲ.) ಅಲ್ಲಿಂದ ಅವರು ಹೋದದ್ದು ಅಮೆರಿಕದ ಕ್ಲೀವ್‌ಲ್ಯಾಂಡಿಗೆ, ಜಾರ್ಜ್ ಓಲಾ ಎಂಬ ಪ್ರಾಧ್ಯಾಪಕರ ಬಳಿಗೆ. ಈಗಿನ ಮಕ್ಕಳಿಗೆ ಓಲಾ ಎಂದರೆ ಟ್ಯಾಕ್ಸಿ ಮಾತ್ರ ಗೊತ್ತು. ಈ ಓಲಾ 1927ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, 1956ರ ಹಂಗೇರಿಯ ದಂಗೆಯ ನಂತರ ಸಂಸಾರದೊಂದಿಗೆ ದೇಶ ಬಿಟ್ಟು, ಕೆನಡಾದ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ದುಡಿದು, ಆಮೇಲೆ ಪ್ರಾಧ್ಯಾಪಕರಾದವರು.

ಅವರ ಪ್ರಯೋಗಶಾಲೆಯ ಒಂದು ಸ್ವಾರಸ್ಯದ ಪ್ರಸಂಗವಿದೆ. ಗಂಧಕಾಮ್ಲಕ್ಕಿಂತ ಲಕ್ಷಾಂತರ ಪಟ್ಟು ಪ್ರಬಲವಾದ ಆಮ್ಲಗಳನ್ನು ಅವರು ಉಪಯೋಗಿಸುತ್ತಿದ್ದರು. 1960ರ ದಶಕದಲ್ಲಿ ಕ್ರಿಸ್ಮಸ್ ಸಂತೋಷಕೂಟವೊಂದು ಮುಗಿದ ಮೇಲೆ ಸಹಾಯಕರೊಬ್ಬರು ಉಳಿದಿದ್ದ ಮೇಣದ ಬತ್ತಿಯ ತುಂಡೊಂದನ್ನು ಆ ಆಮ್ಲಕ್ಕೆ ಹಾಕಿದರು. ಮೇಣ ಸಲೀಸಾಗಿ ಕರಗಿಹೋಯಿತು! ಮೇಣವೆಂದರೆ ಪ್ಯಾರಫಿನ್, ಲ್ಯಾಟಿನ್ನಿನಲ್ಲಿ ಆ ಹೆಸರಿನ ಅರ್ಥವೇ 'ಯಾರೊಂದಿಗೂ ಹೆಚ್ಚು ಸೇರದ್ದು' ಎಂದು. ಸಾಮಾನ್ಯ ಆಮ್ಲ, ಪ್ರತ್ಯಾಮ್ಲ ಯಾವುದಕ್ಕೂ ಜಗ್ಗದ ಹೈಡ್ರೋಕಾರ್ಬನ್ ಅದು. ಕರಗಿದ ದ್ರಾವಣವನ್ನು ಎನ್.ಎಂ.ಆರ್. ಉಪಕರಣದಲ್ಲಿಟ್ಟು ನೋಡಿದರೆ ಧನ ವಿದ್ಯುದಂಶ ಹೊತ್ತ ಕಾರ್ಬನ್ನಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಆ ಆಮ್ಲಕ್ಕೆ ಅಂದಿನಿಂದ 'ಮ್ಯಾಜಿಕ್ ಆಸಿಡ್' ಎಂದೇ ಹೆಸರಾಯಿತು.

ಇದರಲ್ಲಿ ಅಂಥದ್ದೇನು ವಿಶೇಷ? ಸಾವಯವ ರಸಾಯನಶಾಸ್ತ್ರದ ಅನೇಕ ಕ್ರಿಯೆಗಳು ನಡೆಯುವಾಗ ಮಧ್ಯದಲ್ಲಿ ಕಾರ್ಬನ್ ಪರಮಾಣು ಒಂದು ಗಳಿಗೆ ಎಲೆಕ್ಟ್ರಾನ್ ಕಳೆದುಕೊಂಡು ಧನ ಅಯಾನಾಗುತ್ತದೆ, ಕೂಡಲೇ ಪಕ್ಕದಲ್ಲಿ ಸಿಕ್ಕ ಯಾವುದರ ಜೊತೆಗಾದರೂ ಸೇರಿಬಿಡುತ್ತದೆ. ಅದು ಇರುವುದು ನಿಜ ಎಂದು ಊಹಿಸಿದ್ದರೇ ಹೊರತು ಕಣ್ಣೆದುರು ಹಿಡಿದು ನಿಲ್ಲಿಸಿದವರಿರಲಿಲ್ಲ. ಓಲಾ ತಮ್ಮ ಅತಿಪ್ರಬಲ ಆಮ್ಲಗಳಲ್ಲಿ, ಬಹಳ ಕಡಿಮೆ ಉಷ್ಣತೆಯಲ್ಲಿ, ಅದನ್ನು ನೆಮ್ಮದಿಯಾಗಿ ಕೂರಿಸಿ ಅಳೆದು ನೋಡಿದರು. 1994ರ ನೊಬೆಲ್ ಪ್ರಶಸ್ತಿ ಈ ಕೆಲಸಕ್ಕೆ ಬಂತು.

ಸೂರ್ಯಪ್ರಕಾಶ್ ಕಾಲಿಟ್ಟದ್ದು ಇಂಥ ಮನೆಗೆ. 1977ರಲ್ಲಿ ಗುರುಗಳು ಲಾಸ್ ಏಂಜಲಿಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಶಿಷ್ಯರೂ ಜೊತೆಗೆ ಹೋದರು. 1978ರಲ್ಲಿ ಪಿಎಚ್.ಡಿ. ಬಂತು, 1981ರಲ್ಲಿ ಅಲ್ಲೇ ಅಧ್ಯಾಪಕರಾದರು. ಮೊದಲ ವರ್ಷಗಳಲ್ಲಿ ಅವರು ದುಡಿದ ಪ್ರಶ್ನೆಗಳಲ್ಲೊಂದು ನಾರ್ಬಾರ್ನೈಲ್ ಎಂಬ ಅಯಾನಿನದು. ಅದರಲ್ಲಿ ಧನ ವಿದ್ಯುದಂಶವು ಎರಡು ಮನೆಗಳ ನಡುವೆ ಸರಸರನೆ ಓಡಾಡುವ ಮಗುವಿನಂತೆಯೋ ಅಥವಾ ಎರಡು ಮನೆಯವರೂ ಏಕಕಾಲಕ್ಕೆ ಎತ್ತಿಕೊಂಡಿರುವ ಮಗುವಿನಂತೆಯೋ ಎಂಬುದು ವಾದ. ಓಡಾಡುತ್ತದೆ ಎಂದವರು ಬೋರಾನ್ ಸಂಯುಕ್ತಗಳಿಗಾಗಿ 1979ರಲ್ಲಿ ನೊಬೆಲ್ ಪಡೆದ ಎಚ್.ಸಿ. ಬ್ರೌನ್. ಎತ್ತಿಕೊಂಡಿದ್ದಾರೆ ಎಂಬ ಪಕ್ಷದಲ್ಲಿದ್ದ ಓಲಾ, ಪ್ರಕಾಶ್ ಮತ್ತು ಸಾಂಡರ್ಸ್ 1983ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ 'ವಿವಾದದ ಮುಕ್ತಾಯ' ಎಂಬ ಮಾತಿತ್ತು. ಬ್ರೌನ್ ಒಪ್ಪಲಿಲ್ಲ. ಆ ಅಯಾನಿನ ಹರಳು ಮಾಡಿ ಎಕ್ಸ್-ಕಿರಣದಿಂದ ಚಿತ್ರ ತೆಗೆದು ಓಲಾ ಪಕ್ಷವೇ ಸರಿಯೆಂದು ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದು 2013ರಲ್ಲಿ. ಅಷ್ಟರಲ್ಲಿ ಬ್ರೌನ್ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಮುಕ್ತಾಯ ಎಂದು ಬರೆದ ಮೇಲೂ ಮೂವತ್ತು ವರ್ಷ! ವಿಜ್ಞಾನದಲ್ಲಿ ಉತ್ತರ ಪತ್ರಿಕೆಯ ಮೌಲ್ಯಮಾಪನ ನಮ್ಮ ಬೋರ್ಡಿಗಿಂತ ನಿಧಾನ.

ಇನ್ನು ಶೀರ್ಷಿಕೆಯ ನಾಲ್ಕು ಪರಮಾಣುಗಳ ವಿಷಯಕ್ಕೆ ಬರೋಣ. ಒಂದು ಕಾರ್ಬನ್, ಅದಕ್ಕೆ ಅಂಟಿಕೊಂಡ ಮೂರು ಫ್ಲೋರಿನ್. ಇದರ ಹೆಸರು ಟ್ರೈಫ್ಲೋರೋಮೀಥೈಲ್ ಗುಂಪು. ಫ್ಲೋರಿನ್ ಎಂದೊಡನೆ ಪಾವಗಡ, ಕೋಲಾರದ ಕಡೆಯವರಿಗೆ ಬೋರ್‌ವೆಲ್ ನೀರು, ಕಲೆಗಟ್ಟಿದ ಹಲ್ಲು, ಬಾಗಿದ ಮೂಳೆ ನೆನಪಾಗುತ್ತವೆ. ನೀರಿನಲ್ಲಿರುವುದು ಬಿಡಿ ಫ್ಲೋರೈಡ್ ಅಯಾನು. ಇಲ್ಲಿಯ ಫ್ಲೋರಿನ್ ಕಾರ್ಬನ್ನಿಗೆ ಬಿಗಿದುಕೊಂಡಿರುತ್ತದೆ. ಕಾರ್ಬನ್ ಮಾಡಿಕೊಳ್ಳುವ ಒಂಟಿ ಬಂಧಗಳಲ್ಲಿ ಅತ್ಯಂತ ಗಟ್ಟಿಯಾದವುಗಳಲ್ಲಿ ಇದೂ ಒಂದು. ದೋಸೆಯ ನಾನ್‌ಸ್ಟಿಕ್ ಕಾವಲಿಯ ಟೆಫ್ಲಾನ್‌ನಲ್ಲಿರುವುದೂ ಇದೇ ಬಂಧ.

ಔಷಧದ ಅಣುವಿನ ಸರಿಯಾದ ಜಾಗದಲ್ಲಿ ಈ ಗುಂಪನ್ನು ಕೂರಿಸಿದರೆ ಯಕೃತ್ತಿನ ಕಿಣ್ವಗಳು ಅಣುವನ್ನು ಬೇಗ ಒಡೆಯಲಾರವು, ಜೀವಕೋಶದ ಕೊಬ್ಬಿನ ಪೊರೆಯನ್ನು ದಾಟುವುದೂ ಸುಲಭವಾಗುತ್ತದೆ. ಮಲೇರಿಯಾದ ಮೆಫ್ಲೋಕ್ವಿನ್‌ನಲ್ಲಿ ಇಂಥ ಗುಂಪು ಎರಡಿವೆ. ಮನೋಖಿನ್ನತೆಗೆ ಕೊಡುವ ಫ್ಲೂಕ್ಸೆಟಿನ್‌ನಲ್ಲಿ, ಈಗ ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿರುವ ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್‌ನಲ್ಲಿ ಒಂದೊಂದಿದೆ.

ಕೂರಿಸುವುದು ಹೇಗೆ ಎಂಬುದೇ ತೊಡಕು. ಸಾಮಾನ್ಯ ಮೀಥೈಲ್ ಗುಂಪನ್ನು ಸೇರಿಸಲು ಗ್ರಿನ್ಯಾ ರಿಯೇಜೆಂಟ್ ಇದೆ, ಪಿ.ಯು.ಸಿ.ಯಲ್ಲಿ ಬಾಯಿಪಾಠ ಮಾಡಿರುತ್ತೀರಿ. ಅದೇ ದಾರಿಯಲ್ಲಿ ಟ್ರೈಫ್ಲೋರೋಮೀಥೈಲ್ ಗುಂಪನ್ನು ಲೋಹವೊಂದರ ಕೈಗೆ ಕೊಟ್ಟರೆ, ಲೋಹ ಒಂದು ಫ್ಲೋರಿನ್ನನ್ನು ತನ್ನ ಕಡೆಗೆ ಎಳೆದುಕೊಂಡು ಉಪ್ಪಾಗಿಬಿಡುತ್ತದೆ. ಉಳಿದ ಕಾರ್ಬನ್ ಎರಡೇ ಫ್ಲೋರಿನ್ ಹೊತ್ತು ದಿಕ್ಕೆಟ್ಟು ಅಲೆಯುತ್ತದೆ. ತಲುಪಿಸಬೇಕಾದ ಸಾಮಾನನ್ನು ಸಾಗಿಸುವವನೇ ದಾರಿಯಲ್ಲಿ ಬಿಚ್ಚಿ ತಿಂದಂತೆ.

1984ರಲ್ಲಿ ಜರ್ಮನಿಯ ರೂಪರ್ಟ್ ಎಂಬ ವಿಜ್ಞಾನಿ ಈ ಗುಂಪನ್ನು ಸಿಲಿಕಾನ್‌ಗೆ ಜೋಡಿಸಿದ ಒಂದು ಸಂಯುಕ್ತವನ್ನು ತಯಾರಿಸಿದ್ದರು. ಬಣ್ಣವಿಲ್ಲದ, ಸುಮಾರು 55 ಡಿಗ್ರಿಗೆ ಕುದಿಯುವ ದ್ರವ. ಅದರಿಂದ ಆಗಬಹುದಾದ ದೊಡ್ಡ ಉಪಯೋಗವನ್ನು 1989ರಲ್ಲಿ ತೋರಿಸಿಕೊಟ್ಟವರು ಪ್ರಕಾಶ್, ಅವರ ಸಹ ಸಂಶೋಧಕ ಕೃಷ್ಣಮೂರ್ತಿ ಮತ್ತು ಓಲಾ. ಉಪಾಯ ಹೀಗಿದೆ. ಸಿಲಿಕಾನ್‌ಗೆ ಫ್ಲೋರೈಡ್ ಅಯಾನನ್ನು ಕಂಡರೆ ಬಹಳ ಪ್ರೀತಿ. ದ್ರಾವಣಕ್ಕೆ ಚಿಟಿಕೆಯಷ್ಟು ಫ್ಲೋರೈಡ್ ಲವಣ ಹಾಕಿದರೆ ಅದು ಸಿಲಿಕಾನ್‌ನ ಮೇಲೆ ಹೋಗಿ ಕೂರುತ್ತದೆ, ಸಿಲಿಕಾನ್ ತನ್ನ ಹಳೆಯ ಸಂಗಾತಿಯಾದ ಟ್ರೈಫ್ಲೋರೋಮೀಥೈಲ್ ಗುಂಪನ್ನು ಬಿಟ್ಟುಕೊಡುತ್ತದೆ. ಆ ಗುಂಪು ಪಕ್ಕದಲ್ಲೇ ಕಾದಿರುವ ಆಲ್ಡಿಹೈಡ್ ಅಥವಾ ಕೀಟೋನಿನ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದಾಗ ಉಂಟಾಗುವ ಆಕ್ಸಿಜನ್ ಅಯಾನು ಮುಂದಿನ ಸಿಲಿಕಾನ್ ಅಣುವನ್ನು ತಾನೇ ಬಡಿದೆಬ್ಬಿಸುತ್ತದೆ. ಒಮ್ಮೆ ಕಡ್ಡಿ ಗೀರಿದರೆ ಸಾಕು, ಸರಪಟಾಕಿಯಂತೆ ಕ್ರಿಯೆ ತಾನಾಗಿ ಮುಂದುವರಿಯುತ್ತದೆ. ಅತಿ ಶೀತಲ ಸ್ಥಿತಿ ಬೇಡ, ಕಾಡುವ ಲೋಹ ಬೇಡ, ಇಳುವರಿಯೂ ಚೆನ್ನ. ಇಂದು ಜಗತ್ತಿನ ರಸಾಯನ ವಿಜ್ಞಾನಿಗಳು ಇದನ್ನು ರೂಪರ್ಟ್–ಪ್ರಕಾಶ್ ರಿಯೇಜೆಂಟ್ ಎಂದು ಕರೆಯುತ್ತಾರೆ. ಮೇಲೆ ಹೇಳಿದ ಮಾತ್ರೆಗಳೆಲ್ಲ ಇದರಿಂದಲೇ ತಯಾರಾಗುತ್ತವೆಂದಲ್ಲ. ಆದರೆ ಹೊಸ ಅಣುವೊಂದರಲ್ಲಿ ಈ ಗುಂಪನ್ನು ಇಟ್ಟು ನೋಡೋಣ ಎಂದು ಹೊರಟವರು ಮೊದಲು ಹುಡುಕುವ ಬಾಟಲಿಗಳಲ್ಲಿ ಇದೊಂದು.

ಇಲ್ಲಿಗೆ ನಿಲ್ಲಿಸಿದ್ದರೂ ಹೆಸರು ಉಳಿಯುತ್ತಿತ್ತು. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಆಮೇಲಿನದು. ಈ ರಿಯೇಜೆಂಟನ್ನು ತಯಾರಿಸಲು ಬೇಕಾಗಿದ್ದ ಕಚ್ಚಾವಸ್ತು ಬೆಂಕಿ ನಂದಿಸಲು ಬಳಸುತ್ತಿದ್ದ ಬ್ರೋಮಿನ್ ಇರುವ ಒಂದು ಅನಿಲ. ಅದು ಓಝೋನ್ ಪದರಕ್ಕೆ ಮಾರಕವೆಂದು ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳಲ್ಲಿ ಅದರ ಉತ್ಪಾದನೆ 1994ರಲ್ಲಿ ನಿಂತಿತು. ಹಾಗಾದರೆ ಬೇರೆ ಎಲ್ಲಿಂದ ತರುವುದು? ಟೆಫ್ಲಾನ್‌ನ ಕಚ್ಚಾವಸ್ತುವನ್ನು ತಯಾರಿಸುವಾಗ ಫ್ಲೋರೋಫಾರಂ ಎಂಬ ಅನಿಲ ಬೇಡದ ಉಪವಸ್ತುವಾಗಿ ಬರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟಿಗೂ ಮೀರಿದ್ದು. ಅದರಲ್ಲಿ ಬೇಕಾದ ನಾಲ್ಕೂ ಪರಮಾಣುಗಳು ಇವೆ, ಜೊತೆಗೆ ಒಂದು ಹೈಡ್ರೋಜನ್. ಪ್ರಬಲ ಪ್ರತ್ಯಾಮ್ಲದಿಂದ ಹೈಡ್ರೋಜನನ್ನು ಕಿತ್ತರೆ ಗುಂಪು ಮತ್ತೆ ಹಳೆಯ ಚಾಳಿಯಂತೆ ಒಡೆದುಹೋಗುತ್ತದೆ. ಅದು ಹುಟ್ಟಿದ ಗಳಿಗೆಯಲ್ಲೇ ಸಿಲಿಕಾನ್ ಹಿಡಿದುಕೊಳ್ಳುವಂತೆ ಏರ್ಪಾಡು ಮಾಡಿ, ಬೇಡದ ಆ ಅನಿಲದಿಂದಲೇ ರಿಯೇಜೆಂಟ್ ತಯಾರಿಸುವ ದಾರಿಯನ್ನು ಪ್ರಕಾಶ್ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು 2012ರಲ್ಲಿ. 1989ರಿಂದ ಲೆಕ್ಕ ಹಾಕಿ: ಇಪ್ಪತ್ತಮೂರು ವರ್ಷ, ಅದೇ ನಾಲ್ಕು ಪರಮಾಣು.

ಈ ಮಧ್ಯೆ ಗುರು ಶಿಷ್ಯರು ಇನ್ನೊಂದು ಕೆಲಸಕ್ಕೂ ಕೈಹಾಕಿದ್ದರು: ಮೆಥನಾಲ್. 2006ರಲ್ಲಿ ಅವರಿಬ್ಬರು ಆಲೆನ್ ಗೋಪರ್ಟ್ ಜೊತೆಗೂಡಿ ಬರೆದ ಪುಸ್ತಕ ಪೆಟ್ರೋಲ್ ಮುಗಿದ ಮೇಲಿನ ಕಾಲಕ್ಕೆ ಮೆಥನಾಲ್ ಆಗಿಬರುತ್ತದೆಂದು ವಾದಿಸುತ್ತದೆ. ನಮ್ಮ ಯಲಹಂಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. 2024ರಲ್ಲಿ ಇಲ್ಲಿ 370 ಮೆಗಾವಾಟ್‌ನ ಅನಿಲ ವಿದ್ಯುತ್ ಸ್ಥಾವರ ಉದ್ಘಾಟನೆಯಾಯಿತು. ಅನಿಲ ಉರಿದರೆ ಚಿಮಣಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೋಗಲೇಬೇಕು. ಅದನ್ನು ಹಿಡಿದು ಹೈಡ್ರೋಜನ್ನಿನ ಜೊತೆ ಸೇರಿಸಿದರೆ ಮತ್ತೆ ಉರಿಯಬಲ್ಲ ಮೆಥನಾಲ್ ಆಗುತ್ತದೆ ಎಂಬುದು ಅವರ ವಿಚಾರ. ಐಸ್‌ಲ್ಯಾಂಡಿನಲ್ಲಿ ಭೂಗರ್ಭದ ಅನಿಲದಿಂದ ಹೀಗೆ ಮೆಥನಾಲ್ ಮಾಡುವ ಕಾರ್ಖಾನೆಗೆ ಓಲಾ ಹೆಸರನ್ನೇ ಇಟ್ಟಿದ್ದಾರೆ. 2013ರಲ್ಲಿ ಇಸ್ರೇಲ್ ಸರ್ಕಾರ ಗುರು ಶಿಷ್ಯರಿಬ್ಬರಿಗೂ ಸೇರಿ ಹತ್ತು ಲಕ್ಷ ಡಾಲರ್ ಬಹುಮಾನ ಕೊಟ್ಟಿತು. 2016ರಲ್ಲಿ ಅವರ ತಂಡ ಗಾಳಿಯಿಂದಲೇ ಹಿಡಿದ ಡೈಆಕ್ಸೈಡನ್ನು ರುಥೇನಿಯಂ ಕ್ರಿಯಾವರ್ಧಕದ ಸಹಾಯದಿಂದ ಶೇ. 79ರವರೆಗೆ ಮೆಥನಾಲ್ ಆಗಿಸಿ ತೋರಿಸಿತು. ನನಗೆ ಇದರ ಬಗ್ಗೆ ಸ್ವಲ್ಪ ಅನುಮಾನ ಇದ್ದೇ ಇದೆ. ಹೈಡ್ರೋಜನ್ ತಯಾರಿಸಲು ಅಗ್ಗದ ವಿದ್ಯುತ್ ಬೇಕು, ಅದು ಐಸ್‌ಲ್ಯಾಂಡಿನಲ್ಲಿರುವಂತೆ ನಮ್ಮಲ್ಲಿಲ್ಲ. ಮೆಥನಾಲ್ ವಿಷ ಎಂಬುದನ್ನೂ ಬೆಂಗಳೂರಿಗರಾದ ನಾವು ಮರೆಯುವಂತಿಲ್ಲ. 1981ರಲ್ಲಿ ಅದು ಬೆರೆತ ಹೆಂಡ ಕುಡಿದು ಈ ಊರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

ಓಲಾ 2017ರಲ್ಲಿ ತೀರಿಕೊಂಡರು. 1974ರಿಂದ ಲೆಕ್ಕ ಹಾಕಿದರೆ ನಲವತ್ತಮೂರು ವರ್ಷಗಳ ಒಡನಾಟ. ಗುರುಗಳು ಕಟ್ಟಿದ ಲೋಕರ್ ಹೈಡ್ರೋಕಾರ್ಬನ್ ಸಂಶೋಧನಾ ಸಂಸ್ಥೆಗೆ ಶಿಷ್ಯರೇ ನಿರ್ದೇಶಕರಾದರು. ಸಾಮಾನ್ಯವಾಗಿ ಸಂಶೋಧನೆಯಲ್ಲಿ ಪಿಎಚ್.ಡಿ. ಮುಗಿದೊಡನೆ ಗುರುವಿನ ಮನೆ ಬಿಟ್ಟು ಬೇರೆ ಕಡೆ ಹೋಗಬೇಕು, ಇಲ್ಲದಿದ್ದರೆ ಸ್ವಂತ ಹೆಸರಾಗುವುದಿಲ್ಲ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಇವರ ದಾರಿ ಎಲ್ಲರಿಗೂ ಒಗ್ಗುವಂಥದ್ದಲ್ಲ.

ತಂದೆ ಇಷ್ಟನ್ನೂ ತಾಳ್ಮೆಯಿಂದ ಕೇಳಿ, "ಅದೆಲ್ಲಾ ಸರಿ ಮೇಷ್ಟ್ರೇ, ಎಲ್ಲರೂ ಸೂರ್ಯಪ್ರಕಾಶ್ ಆಗಕ್ಕಾಗತ್ತಾ?" ಎಂದರು. ಆಗುವುದಿಲ್ಲ. ಇದನ್ನು ಮುಚ್ಚಿಡಬಾರದು. ಬಿ.ಎಸ್ಸಿ. ಮೂರು ವರ್ಷ, ಎಂ.ಎಸ್ಸಿ. ಎರಡು, ಪಿಎಚ್.ಡಿ. ಐದೋ ಆರೋ, ಆಮೇಲೆ ಹೊರದೇಶದಲ್ಲಿ ಎರಡು ಮೂರು ವರ್ಷ. ಓರಗೆಯವರು ಮನೆ ಕಟ್ಟಿಸಿ ಕಾರು ಕೊಂಡಿರುವಾಗ ಇವಳ ಕೈಯಲ್ಲಿ ಇನ್ನೂ ಸಂಶೋಧನಾ ವೇತನ. ಆ ವೇತನ ತೀರಾ ಕಡಿಮೆಯೇನಲ್ಲ; ಜೆ.ಆರ್.ಎಫ್. ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ಕೆಲಸ ಕೊಡುವ ಸಂಸ್ಥೆಗಳೂ ಬೆಂಗಳೂರಿನಲ್ಲಿವೆ. 1993ರಲ್ಲಿ ಆರಂಭವಾದ ಸಿಂಜೀನ್‌ನಂಥ ಕಂಪನಿಗಳ ಮುಖ್ಯ ಕಸುಬುಗಳಲ್ಲೊಂದು ಸಂಶ್ಲೇಷಣೆಯೇ. ಆದರೆ ನಮ್ಮ ಹೆಬ್ಬಾಳದಲ್ಲೇ ಕ್ಷಯ, ಮಲೇರಿಯಾ ಔಷಧಗಳ ಸಂಶೋಧನೆ ನಡೆಸುತ್ತಿದ್ದ ಆಸ್ಟ್ರಾಜೆನೆಕಾ ಕೇಂದ್ರ 2014ರಲ್ಲಿ ಮುಚ್ಚಿದ್ದನ್ನೂ ಹೇಳಿದೆ. ಕೆಲಸದಲ್ಲಿ ದೋಷವಿಲ್ಲದಿದ್ದರೂ ಎಲ್ಲೋ ದೂರದ ಕಚೇರಿಯ ತೀರ್ಮಾನದಿಂದ ಪ್ರಯೋಗಶಾಲೆಯ ಬಾಗಿಲು ಹಾಕಬಹುದು.

ಅಮೆರಿಕಕ್ಕೇ ಹೋಗಬೇಕೆಂದೂ ಇಲ್ಲ. ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಬಿ.ಎಸ್ಸಿ. ನಂತರ ನೇರವಾಗಿ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಸೇರಬಹುದು, ಅದಕ್ಕೆ 'ಜ್ಯಾಮ್' ಎಂಬ ಪ್ರವೇಶ ಪರೀಕ್ಷೆ ಇದೆ. ಜಕ್ಕೂರಿನವರು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯಲ್ಲಿ ಪ್ರಯೋಗಶಾಲೆಯ ಕೆಲಸ ಕಲಿಸುವ ಕಾರ್ಯಕ್ರಮವನ್ನೂ ನಡೆಸಿಕೊಂಡು ಬಂದಿದ್ದಾರೆ. ಅಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಆಗ ಬಾಯಿ ತೆರೆದಳು. "ಸಾರ್, ಸಿಲಿಕಾನ್‌ಗೂ ಫ್ಲೋರಿನ್ ಅಂದ್ರೆ ಪ್ರೀತಿ ಅಂದ್ರಲ್ಲ, ಹಾಗಿದ್ರೆ ಅದೂ ಲೋಹದ ಹಾಗೇ ತನ್ನ ಪಕ್ಕದಲ್ಲಿರೋ ಗುಂಪಿನಿಂದಲೇ ಫ್ಲೋರಿನ್ ಯಾಕೆ ಕಿತ್ಕೊಳ್ಳಲ್ಲ?"

ನಾನು ಕಾಗದ ಪೆನ್ಸಿಲ್ ತರಿಸಿದೆ. ಲೋಹದ ಜೊತೆಗಿದ್ದಾಗ ಕಾರ್ಬನ್ನಿನ ಮೇಲೆ ಋಣ ವಿದ್ಯುದಂಶ ಹೆಚ್ಚು. ಅದು ಫ್ಲೋರಿನ್ನನ್ನು ಹೊರಕ್ಕೆ ನೂಕುತ್ತದೆ. ಸಿಲಿಕಾನ್ ಮತ್ತು ಕಾರ್ಬನ್ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂತಿರುವುದರಿಂದ ಆ ನೂಕು ಇಲ್ಲ, ಹೊರಗಿನಿಂದ ಯಾರಾದರೂ ಬಂದು ಸಿಲಿಕಾನನ್ನು ಮುಟ್ಟುವವರೆಗೆ ನೆಮ್ಮದಿ. ಆದರೆ ಅವಳ ಅನುಮಾನ ಸುಳ್ಳೇನಲ್ಲ. ಸೋಡಿಯಂ ಅಯೋಡೈಡ್ ಹಾಕಿ ಸ್ವಲ್ಪ ಬಿಸಿ ಮಾಡಿದರೆ ಇದೇ ಬಾಟಲಿಯ ದ್ರವ ಅವಳು ಹೇಳಿದ ರೀತಿಯಲ್ಲೇ ಒಡೆದು, ಎರಡು ಫ್ಲೋರಿನ್ ಹೊತ್ತ ಆ ಅಲೆಮಾರಿ ಕಾರ್ಬನ್ನನ್ನು ಕೊಡುತ್ತದೆ. ಅದನ್ನೇ ಹಿಡಿದು ಮೂರು ಕಾರ್ಬನ್ನುಗಳ ಉಂಗುರ ಮಾಡಲು ಉಪಯೋಗಿಸಬಹುದೆಂದು ಚೀನಾದ ಜಿನ್ಬೊ ಹು ಮತ್ತು ಪ್ರಕಾಶ್ ತಂಡಗಳು ಸೇರಿ 2011ರಲ್ಲಿ ತೋರಿಸಿದವು. ಮೊದಲು ಕಾಟ ಕೊಡುತ್ತಿದ್ದ ಒಡಕೇ ಆಮೇಲೆ ಬೇಕಾದ ಕ್ರಿಯೆಯಾಯಿತು. ಹುಡುಗಿ ಕಾಗದವನ್ನು ಮಡಿಸಿ ಇಟ್ಟುಕೊಂಡಳು. ತಂದೆ ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಕೌನ್ಸೆಲಿಂಗ್‌ಗೆ ಒಂದು ವಾರ ಬಾಕಿ ಇದೆ.